ಎಡಗಂಬದ ಮೇಲೆ ಹೋದ ಚೆಂಡು

ನನ್ನ ಅಳಿಯ ಆಡಿದ ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಅವನು ಹೊಡೆದ ಚೆಂಡು ಗೋಲುಕಂಬಗಳ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂದು ತೀರ್ಪು ಕೊಡಬೇಕಾದವನು ನಾನಾಗಿದ್ದೆ. ಹೊರಗೆ ಎಂದೆ. ಅವನ ತಂಡ ಒಂದು ಅಂಕದಿಂದ ಫೈನಲ್ ಸೋತಿತು. ಆರನೆಯ ವಯಸ್ಸಿನಿಂದ ಮೂವತ್ತೊಂಬತ್ತರವರೆಗೆ ಆಡಿದವನು ದೊಡ್ಡವರ ಪಂದ್ಯಾವಳಿಯ ಒಂದೂ ಪದಕವಿಲ್ಲದೆ ಆಟ ಬಿಟ್ಟ. ಇಷ್ಟು ಮಾತ್ರ ಖಚಿತ. ಇದರಾಚೆಗೆ ನಾನು ಬರೆಯುವುದನ್ನೆಲ್ಲ ಸ್ವಲ್ಪ ಅನುಮಾನದಿಂದಲೇ ಓದಬೇಕು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಹರ್ಲಿಂಗ್ ಐರ್ಲೆಂಡಿನ ಆಟ. ಹಾಕಿ ನೋಡಿದವರಿಗೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ಭಯವಾಗುತ್ತದೆ. ಕೋಲನ್ನು ತಲೆಯ ಎತ್ತರಕ್ಕೂ ಬೀಸಬಹುದು. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಚಿಮ್ಮಿ ಗಾಳಿಯಲ್ಲೇ ಹೊಡೆಯಬಹುದು. ಎರಡು ಎತ್ತರದ ಕಂಬಗಳ ನಡುವೆ ಒಂದು ಅಡ್ಡಪಟ್ಟಿ. ಪಟ್ಟಿಯ ಕೆಳಗೆ, ಬಲೆಗೆ ಹೋದರೆ ಗೋಲು, ಅದಕ್ಕೆ ಮೂರು ಅಂಕ. ಪಟ್ಟಿಯ ಮೇಲೆ, ಕಂಬಗಳ ನಡುವೆ ಹಾದು ಹೋದರೆ ಒಂದು ಅಂಕ. ಪ್ರತಿ ಗೋಲಿಗೂ ಕಂಬಕ್ಕೊಬ್ಬರಂತೆ ಇಬ್ಬರು ಅಂಪೈರುಗಳು ಬಿಳಿ ಕೋಟು ತೊಟ್ಟು ನಿಲ್ಲುತ್ತಾರೆ. ಗೋಲಾದರೆ ಹಸಿರು ಬಾವುಟ, ಅಂಕವಾದರೆ ಬಿಳಿ ಬಾವುಟ. ಹೊರಗೆ ಹೋದರೆ ಎರಡೂ ಕೈ ಅಗಲಿಸಬೇಕು. ಅಷ್ಟೇ ಕೆಲಸ. ಐರ್ಲೆಂಡಿನಲ್ಲಿ ದೊಡ್ಡ ಪಂದ್ಯಗಳಿಗೆ ರೆಫರಿ ತನಗೆ ಬೇಕಾದವರನ್ನು ಜೊತೆಗೆ ಕರೆತರುತ್ತಾನಂತೆ. ನಾವೆಲ್ಲ ವಲಸೆ ಬಂದ ಈ ದೇಶದಲ್ಲಿ ಅಷ್ಟು ಜನ ಎಲ್ಲಿ ಸಿಗಬೇಕು? ಆಡುವ ಎರಡು ತಂಡಗಳೂ ಒಂದೊಂದು ಗೋಲಿಗೆ ತಮ್ಮ ಕಡೆಯ ಒಬ್ಬೊಬ್ಬರನ್ನು ಕೊಡಬೇಕು.

ಅಳಿಯನ ತಂಡ ಕೊಟ್ಟ ಒಬ್ಬ ನಾನು. ಇದು ಶುರುವಾದದ್ದು ಮೂರು ವರ್ಷದ ಹಿಂದೆ, ಒಬ್ಬ ಅಂಪೈರು ಬಾರದ ಭಾನುವಾರ. ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದೆ. ಹೊಸ ದೃಷ್ಟಿಯ ಹುರುಪಿನಲ್ಲಿ ಫ್ರೀವೇ ಬೋರ್ಡುಗಳನ್ನೆಲ್ಲ ದೂರದಿಂದಲೇ ಗಟ್ಟಿಯಾಗಿ ಓದಿ ಕಾರಿನಲ್ಲಿದ್ದವರ ತಲೆ ತಿನ್ನುತ್ತಿದ್ದೆ. "ಮಾವ, ನಿಮಗೆ ಈಗ ಎಲ್ಲಾ ಕಾಣುತ್ತಲ್ಲಾ, ಬನ್ನಿ," ಎಂದು ಅಳಿಯ ಬಿಳಿ ಕೋಟು ತೊಡಿಸಿದ. ಅದು ನನಗೆ ಮಂಡಿಯವರೆಗೆ ಬರುತ್ತಿತ್ತು. "ಸಾಬೂನು ಮಾರಾಕ ಬಂದಾಂವ ಕಂಡಂಗ ಕಾಣ್ತೀರಿ," ಎಂದು ನನ್ನ ಹೆಂಡತಿ ನಕ್ಕಿದ್ದಳು. ಅವಳು ಧಾರವಾಡದವಳು, ನಾನು ಮಂಡ್ಯದ ಕಡೆಯವನು. ಇಲ್ಲಿ ಮೂವತ್ತು ವರ್ಷ ಕಳೆದರೂ ನಮ್ಮಿಬ್ಬರ ಕನ್ನಡ ಒಂದಾಗಿಲ್ಲ.

ಅಳಿಯ ಐರ್ಲೆಂಡಿನವನು, 'ಮಾವ' ಎಂಬ ಒಂದು ಪದ ಬಿಟ್ಟು ಉಳಿದದ್ದನ್ನೆಲ್ಲ ಇಂಗ್ಲಿಷಿನಲ್ಲೇ ಆಡುತ್ತಾನೆ. ಅವನ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಾಗೆ ಬರೆದಷ್ಟೂ ಅವು ಅವನವಾಗಿ ಉಳಿದಿವೆಯೇ ಎಂಬ ಪ್ರಶ್ನೆ ಇದ್ದೇ ಇದೆ.

ಅವನು ಮರಗೆಲಸದವನು. ಡ್ಯಾನ್‌ವಿಲ್ ಕಡೆಯ ದೊಡ್ಡ ಮನೆಗಳಲ್ಲಿ ಅಡುಗೆಮನೆಗಳನ್ನು ಕಿತ್ತು ಹೊಸದಾಗಿ ಕಟ್ಟುತ್ತಾನೆ. ಮಗಳು ಫಿಸಿಯೋಥೆರಪಿಸ್ಟ್. ಜಾರಿದ ಭುಜ ತೋರಿಸಲು ಬಂದವನು ಭುಜ ಸರಿಹೋದ ಮೇಲೂ ಬರುತ್ತಲೇ ಇದ್ದ. ಮದುವೆಯ ಸುದ್ದಿ ಕೇಳಿದಾಗ ಹೆಂಡತಿ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಅವನು ವಾಲ್ನಟ್ ಕ್ರೀಕಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದು, ವರ್ಷಗಳಿಂದ ಕಿರುಗುಟ್ಟುತ್ತಿದ್ದ ಕಪಾಟಿನ ಬಾಗಿಲುಗಳನ್ನೆಲ್ಲ ಕೇಳದೆಯೇ ಸರಿಮಾಡಿ ಹೋದ. "ಹುಡುಗ ಚಲೋ ಅದಾನ. ಬಡಿಗಿ ಹಿಡಿದು ಆಡೂದೊಂದು ಬಿಟ್ರ ಚಲೋ ಆಗ್ತಿತ್ತು," ಎಂದಳು.

ಅವನ ಆಟದ ಕಥೆ ನನಗೆ ತಿಳಿದದ್ದು ಆ ಬಾಗಿಲುಗಳನ್ನು ಸರಿಮಾಡುವಾಗ ಅವನು ಆಡಿದ ಮಾತುಗಳಿಂದ, ಆಮೇಲೆ ಮೈದಾನಕ್ಕೆ ಹೋಗಿಬರುವ ದಾರಿಯಲ್ಲಿ. ಆರು ವರ್ಷದವನಿದ್ದಾಗ ಅವನ ತಂದೆ ದೊಡ್ಡ ಕೋಲೊಂದನ್ನು ಕೊಯ್ದು ಅವನ ಎತ್ತರಕ್ಕೆ ಮಾಡಿಕೊಟ್ಟರಂತೆ. ಅವರೂ ಅದೇ ಹಳ್ಳಿಯ ತಂಡಕ್ಕೆ ಆಡಿದವರು, ಗೆದ್ದವರು. ಮಗ ಇಪ್ಪತ್ತೊಂದರಲ್ಲಿ ದೊಡ್ಡವರ ತಂಡಕ್ಕೆ ಬಂದ. ಆ ವರ್ಷ ಸೆಮಿಫೈನಲಿನಲ್ಲಿ ಕೈಬೆರಳು ಮುರಿದು ಫೈನಲನ್ನು ಬೇಲಿಯಾಚೆ ನಿಂತು ನೋಡಿದ, ಸೋತರು. ಇನ್ನೊಂದು ಫೈನಲಿನಲ್ಲಿ ಅವನೇ ಸುಲಭದ ಹೊಡೆತವೊಂದನ್ನು ತಪ್ಪಿಸಿದ, ಸೋತರು. ಇಪ್ಪತ್ತೇಳಕ್ಕೆ ಇಲ್ಲಿಗೆ ಬಂದ. ಅವನಿಲ್ಲದ ಮೊದಲ ವರ್ಷವೇ ಅವನ ಹಳ್ಳಿ ಗೆದ್ದಿತು.

"ನನ್ನ ಜೊತೆ ಶಾಲೆಗೆ ಹೋದವರ ಮನೆಯಲ್ಲೆಲ್ಲಾ ಒಂದೊಂದು ಪದಕ ಇದೆ ಮಾವ," ಎಂದಿದ್ದ, ಸ್ಕ್ರೂ ಬಿಗಿಯುತ್ತ. "ಒಂದು ನಾಣ್ಯದಷ್ಟು ದೊಡ್ಡದು, ಅಷ್ಟೇ. ಆದ್ರೆ ಅದು ಇದ್ದವರು ಹೊಟೇಲಿಗೆ ಬಂದು ಕೂರೋ ರೀತೀನೇ ಬೇರೆ."

ಇಲ್ಲಿಗೆ ಬಂದ ಮೇಲೂ ಫೈನಲುಗಳನ್ನು ಸೋತ. ಎಷ್ಟು ಎಂಬುದಕ್ಕೆ ನನ್ನ ಡೈರಿಯಲ್ಲಿ ಒಂದು ಕಡೆ ಎರಡು ಎಂದಿದೆ, ಇನ್ನೊಂದು ಕಡೆ ಮೂರು. ಅವನನ್ನೇ ಕೇಳಿದೆ. "ಸೋತದ್ದನ್ನ ಯಾರು ಎಣಿಸ್ತಾರೆ?" ಎಂದ. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ನನ್ನ ಇಡೀ ಉದ್ಯೋಗ ಬೇರೆಯವರ ದಾಖಲೆಗಳಲ್ಲಿ ತಪ್ಪು ಹುಡುಕುವುದಾಗಿತ್ತು. ನನ್ನ ದಾಖಲೆಗಳ ಗುಣಮಟ್ಟ ಇದು.

ಕಳೆದ ವರ್ಷದ ಹೊತ್ತಿಗೆ ಅವನ ಬಲಮಂಡಿಯಲ್ಲಿ ಸವೆಯಲು ಏನೂ ಉಳಿದಿರಲಿಲ್ಲ. ಶಸ್ತ್ರಚಿಕಿತ್ಸೆ ಆಗಲೇಬೇಕು, ಆಮೇಲೆ ನಡೆಯಬಹುದು, ಈಜಬಹುದು, ಓಡುವಂತಿಲ್ಲ ಎಂದು ಡಾಕ್ಟರು ಹೇಳಿದರು. ಮಗಳು ಒಂದು ಸೀಸನ್ ಮಾತ್ರ ಬಿಟ್ಟುಕೊಟ್ಟಳು. ಆ ಸೀಸನ್ನಿನಲ್ಲಿ ಅವರ ತಂಡ ಫೈನಲ್ ತಲುಪಿತು.

ಸೆಪ್ಟೆಂಬರಿನ ಭಾನುವಾರ. ಮೈದಾನ ಕೊಲ್ಲಿಯ ನಡುವಿನ ದ್ವೀಪದಲ್ಲಿದೆ, ಗಾಳಿ ಯಾವಾಗಲೂ ಇರುತ್ತದೆ. ಹೆಂಡತಿ ದೊಡ್ಡ ಡಬ್ಬದಲ್ಲಿ ಚಿತ್ರಾನ್ನ ಮಾಡಿ ತಂದಿದ್ದಳು. ಅಳಿಯನ ತಂಡದವರಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ಮಗಳು ಕಾರಿನ ಹಿಂದೆ ಕುಳಿತು ಅವನ ಮಂಡಿಗೆ ಪಟ್ಟಿ ಸುತ್ತುತ್ತಿದ್ದಳು. ನಾನು ಏನಾದರೂ ಹೇಳಬೇಕೆಂದು ಹೋಗಿ ಅವನ ಬೆನ್ನು ತಟ್ಟಿ ಬಂದೆ.

ನನ್ನ ಗೋಲಿನ ಇನ್ನೊಂದು ಕಂಬಕ್ಕೆ ಎದುರು ತಂಡದವರು ನಿಲ್ಲಿಸಿದ್ದು ಗಾರೆ ಕೆಲಸದಿಂದ ನಿವೃತ್ತನಾದ ಎಪ್ಪತ್ತರ ಆಸುಪಾಸಿನ ಒಬ್ಬ ಐರಿಷ್ ಮುದುಕನನ್ನು. ಅವನ ಕೋಟಿನ ಜೇಬಿನ ತುಂಬ ಪೆಪ್ಪರಮಿಂಟು. ಒಂದು ನನಗೂ ಕೊಟ್ಟ.

"ನಿನ್ನ ಮೇಲೆ ಒಂದು ಕಣ್ಣಿಟ್ಟಿರು ಅಂತ ನಮ್ಮ ಹುಡುಗರು ಹೇಳಿ ಕಳಿಸಿದಾರೆ," ಎಂದ.

"ಯಾಕೆ?"

"ಅಳಿಯ ಹೊಡೆದದ್ದೆಲ್ಲಾ ಒಳಗೇ ಅಂತೀಯಂತೆ."

"ಹೋದದ್ದನ್ನ ಒಳಗೆ ಅಂತೀನಿ."

"ಅನ್ನು, ಅನ್ನು. ನಾನಾಗಿದ್ರೆ ಹೋಗದ್ದನ್ನೂ ಅಂತಿದ್ದೆ. ಮಗಳ ಮನೆಗೆ ಊಟಕ್ಕೆ ಹೋಗಬೇಕಲ್ಲಪ್ಪ!" ಎಂದು ನಕ್ಕ.

ನಾನೂ ನಕ್ಕೆ. ಆಗ ಅದು ನನಗೆ ತಾಗಲಿಲ್ಲ. ತಾಗಲಿಲ್ಲ ಎಂದು ಈಗ ನೆನಪಿದೆ ಎನ್ನಬೇಕು.

ಮೊದಲರ್ಧದಲ್ಲಿ ಅಳಿಯನ ತಂಡ ಆಚೆ ಗೋಲಿನತ್ತ ಹೊಡೆಯುತ್ತಿತ್ತು. ಎರಡನೆಯ ಅರ್ಧದಲ್ಲಿ ನನ್ನ ಕಡೆಗೆ ತಿರುಗಿತು. ತಿರುಗಿದ ಸ್ವಲ್ಪ ಹೊತ್ತಿಗೆ ಅಳಿಯನೊಂದು ಚೆಂಡು ಹೊಡೆದ. ಅದು ನನ್ನ ಕಂಬದಿಂದ ಎರಡು ಮೊಳ ಒಳಗೆ ಹಾದು ಹೋಯಿತು, ಯಾರಿಗೂ ಅನುಮಾನವಿರಲಿಲ್ಲ. ನಾನು ಬಿಳಿ ಬಾವುಟ ಎತ್ತಿದೆ. ಗೆರೆಯಾಚೆಯಿಂದ ಎದುರು ತಂಡದ ಯಾರೋ ಕೂಗಿದರು: "ಮಾವನೇ ಬಾವುಟ ಹಿಡಿದ್ರೆ ಅಳಿಯನಿಗೇನು ಕಡಿಮೆ!" ಒಂದು ಸಾಲು ಜನ ನಕ್ಕರು. ಹೆಂಡತಿಗೆ ಆ ಐರಿಷ್ ಉಚ್ಚಾರದ ಮಾತು ಅರ್ಥವಾಗದೆ, ಎಲ್ಲರೂ ನಗುತ್ತಿದ್ದಾರೆಂದು ಅವಳೂ ನಕ್ಕು ನನಗೆ ಕೈಬೀಸಿದಳು. ನನ್ನ ಕಿವಿ ಬಿಸಿಯಾಯಿತು. ಇದು ನೆನಪಲ್ಲ, ಬರೆದಿಟ್ಟದ್ದು. ಮಾರನೆಯ ಬೆಳಗಿನ ಡೈರಿಯಲ್ಲಿ "ಕಿವಿ ಬಿಸಿಯಾಯಿತು" ಎಂದೇ ಇದೆ.

ಕೊನೆಗೆ ಬರೋಣ. ಅಳಿಯನ ತಂಡ ಒಂದು ಅಂಕ ಹಿಂದಿತ್ತು. ರೆಫರಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಒಂದು ಅಂಕ ಬಂದರೆ ಸಮ, ಮತ್ತೆ ಹೆಚ್ಚುವರಿ ಆಟ. ಚೆಂಡು ಬಲಗಡೆಯ ಗೆರೆಯ ಹತ್ತಿರ ಅಳಿಯನಿಗೆ ಸಿಕ್ಕಿತು. ಅವನು ಒಬ್ಬನನ್ನು ತಪ್ಪಿಸಿಕೊಂಡ, ಕೆಟ್ಟ ಕಾಲಿನ ಮೇಲೆ ತಿರುಗಿದ, ಹೊಡೆದ. ಎತ್ತರದ ಹೊಡೆತ. ಚೆಂಡು ಮೇಲೇರುತ್ತ, ಗಾಳಿಗೆ ಬಾಗುತ್ತ, ಅವನು ನಿಂತ ಕಡೆಯಿಂದ ನೋಡಿದರೆ ಎಡಗಡೆಯ ಕಂಬದತ್ತ, ಅಂದರೆ ನನ್ನ ಕಂಬದತ್ತ ಬಂತು.

ನಾನು ಕಂಬದ ಬುಡದಲ್ಲಿ ತಲೆ ಎತ್ತಿ ನಿಂತಿದ್ದೆ. ಚೆಂಡು ಕಂಬದ ತುದಿಗಿಂತ ಮೇಲಿತ್ತು. ಹಾಗೆ ಹೋದಾಗ ಕಂಬ ಇನ್ನೂ ಮೇಲಕ್ಕೆ ಬೆಳೆದಿದೆ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡು ತೀರ್ಮಾನಿಸಬೇಕು. ಆಕಾಶ ಬೆಳ್ಳಗೆ ಮಂಜಾಗಿತ್ತು. ಚೆಂಡೂ ಬಿಳಿ. ಅದು ನನ್ನ ತಲೆಯ ಮೇಲೆ ದಾಟಿತು.

ನಾನು ಎರಡೂ ಕೈ ಅಗಲಿಸಿದೆ.

ಎದುರು ತಂಡದ ಗೋಲ್‌ಕೀಪರ್ ಚೆಂಡನ್ನು ಮತ್ತೆ ಆಟಕ್ಕೆ ಹೊಡೆದ, ಅದು ನೆಲಕ್ಕೆ ಬೀಳುವ ಮೊದಲೇ ರೆಫರಿ ಸೀಟಿ ಊದಿದ. ಎದುರು ತಂಡದವರು ಕೂಗಾಡುತ್ತ ಮೈದಾನಕ್ಕೆ ನುಗ್ಗಿದರು. ಅಳಿಯ ಹೊಡೆದ ಜಾಗದಲ್ಲೇ ಕುಳಿತುಬಿಟ್ಟಿದ್ದ. ಮಗಳು ಅವನತ್ತ ಓಡುತ್ತಿದ್ದಳು, ಕೈಯಲ್ಲಿ ಐಸು.

ಮುದುಕ ಬಾವುಟಗಳನ್ನು ಸುತ್ತಿಕೊಳ್ಳುತ್ತಿದ್ದ. ನನ್ನ ಕೋಟನ್ನು ಕೇಳಿ ಇಸಿದುಕೊಂಡು ಮಡಿಸುತ್ತ, ಹವಾಮಾನದ ಮಾತಾಡುವಂತೆ ಹೇಳಿದ:

"ನೀನು ಒಳ್ಳೆ ಪ್ರಾಮಾಣಿಕ ಮನುಷ್ಯ. ನಾನಾಗಿದ್ರೆ ಬಿಳಿ ಎತ್ತಿಬಿಡ್ತಿದ್ದೆ."

"ಅಳಿಯನಿಗೋಸ್ಕರಾನಾ?"

"ಅಲ್ಲಪ್ಪ. ನನ್ನ ಕಣ್ಣಿಗೆ ಒಳಗೆ ಹೋದಹಾಗೆ ಕಂಡಿತು."

"ಮತ್ತೆ ಯಾಕೆ ಹೇಳಲಿಲ್ಲ? ಹೇಳಬಹುದಿತ್ತಲ್ಲ! ಇಬ್ಬರೂ ಸೇರಿ ತೀರ್ಮಾನ ಮಾಡಬೇಕು ಅಂತಲೇ ನಿಯಮ ಇರೋದು!"

ಅವನು ನಿಜವಾಗಿಯೂ ಆಶ್ಚರ್ಯಪಟ್ಟ. "ಸ್ವಂತ ಮಾವನೇ ಹೊರಗೆ ಅಂದಮೇಲೆ, ಎದುರು ತಂಡದವನು ನಾನು ಒಳಗೆ ಅನ್ನಲಾ? ನೀನು ಕಂಬದ ಕೆಳಗೇ ಇದ್ದೆ. ಕಂಡಿಲ್ಲದಿದ್ರೆ ನೀನು ಹೊರಗೆ ಅಂತಿದ್ದೆಯಾ? ಯಾರು ಅಂತಾರೆ?"

ಆಗ ನನಗೆ ಗೊತ್ತಾಯಿತು. ಅವರ ಪದ್ಧತಿಯಲ್ಲಿ ತಮ್ಮವರ ಕಡೆಗೆ ಸ್ವಲ್ಪ ವಾಲುವುದು ಎಲ್ಲರೂ ಲೆಕ್ಕದಲ್ಲಿ ಇಟ್ಟುಕೊಂಡೇ ಇರುವ ವಿಷಯ. ಒಬ್ಬ ಈ ಕಡೆ ಎಳೆಯುತ್ತಾನೆ, ಇನ್ನೊಬ್ಬ ಆ ಕಡೆ ಎಳೆಯುತ್ತಾನೆ, ನಡುವೆ ಎಲ್ಲೋ ನ್ಯಾಯ ನಿಲ್ಲುತ್ತದೆ. ಅದಕ್ಕೇ ಎರಡೂ ಕಡೆಯವರನ್ನು ನಿಲ್ಲಿಸುವುದು. ನಾನು ನನ್ನ ತುದಿಯನ್ನು ಎಳೆಯಲೇ ಇಲ್ಲ. ನಗುತ್ತಿದ್ದ ಆ ಸಾಲಿಗೆ ನಾನು ಪಕ್ಷಪಾತಿಯಲ್ಲ ಎಂದು ತೋರಿಸುವ ಹುಕಿಯಲ್ಲಿ ಅಳಿಯನ ವಿರುದ್ಧವೇ ಎಳೆದೆನೇ? ಅಥವಾ ಚೆಂಡು ಹೊರಗೇ ಹೋಗಿತ್ತೇ?

ರೆಫರಿಯ ಹತ್ತಿರ ಹೋದೆ. ಅವನು ಕಾರಿನ ಬಾಗಿಲಲ್ಲಿ ಕುಳಿತು ಬೂಟು ಬಿಚ್ಚುತ್ತಿದ್ದ. ಕೊನೆಯ ಹೊಡೆತದ ಬಗ್ಗೆ ನನಗೆ ಖಾತ್ರಿಯಿಲ್ಲ ಎಂದೆ.

"ಆಗ ಖಾತ್ರಿ ಇತ್ತಲ್ಲ?"

"ಆಗ ಇತ್ತು ಅನ್ಸುತ್ತೆ."

"ಸರ್, ನಾನು ನೋಡೋದು ಅಂಪೈರಿನ ಕೈಯನ್ನ. ಕೈ ಅಗಲ ಆಯ್ತು, ನಾನು ಬರೆದೆ, ಆಟ ಮುಗೀತು." ಆಮೇಲೆ ದನಿ ತಗ್ಗಿಸಿ, "ಮನೆಗೆ ಹೋಗಿ. ಹೆಂಡತಿ ಕಾಯ್ತಿದಾರೆ," ಎಂದ.

ಮನೆಗೆ ಹೋಗುವ ದಾರಿಯಲ್ಲಿ ನಾನು ಮತ್ತು ಹೆಂಡತಿ ಇಬ್ಬರೇ. ಸೇತುವೆ ದಾಟಿ ಸುರಂಗ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಮುದುಕ ಹೇಳಿದ್ದನ್ನು ಹೇಳಿಬಿಟ್ಟೆ.

"ನಿಮ್ಮ ಕಣ್ಣಿಗೆ ಏನ ಕಾಣಿಸ್ತು? ಖರೇ ಹೇಳ್ರಿ."

"ಗೊತ್ತಿಲ್ಲ ಕಣೆ."

"ಗೊತ್ತಿಲ್ಲಂದ್ರ ಕೈ ಯಾಕ ಅಗಲ ಮಾಡಿದ್ರಿ? ಗೊತ್ತಿಲ್ಲದಾಂವ ಸುಮ್ನ ನಿಂದರಬೇಕು, ಬಾಜೂದಾಂವನ್ನ ಕೇಳಬೇಕು." ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. "ನೀಡಾಂವ ನಮ್ಮಾಂವ ಆದ್ರ ಕಡೀ ಪಂಕ್ತಿಗೆ ಕುಂತರೂ ಊಟ ಸಿಗತೈತಿ ಅಂತಾರ. ನಿಮ್ಮ ಕೈಯಾಗ ಮೊದಲನೇ ಪಂಕ್ತಿಗೆ ಕುಂತಾಂವಗೂ ಉಪವಾಸ!"

ಕಾರಿನ ತುಂಬ ಖಾಲಿ ಡಬ್ಬದ ಒಗ್ಗರಣೆಯ ವಾಸನೆ.

ಆ ವಾರವೆಲ್ಲ ನಾನು ಒಂದು ಕಾರಣ ಹುಡುಕಿದೆ. ನನಗೊಂದು ಕಾರಣ ಸಿಕ್ಕಿತು ಕೂಡ. ನನ್ನ ಅಪ್ಪ ನಾನು ಓದಿದ ಶಾಲೆಯಲ್ಲೇ ಮೇಷ್ಟ್ರು. ಏಳನೆಯ ತರಗತಿಯಲ್ಲಿ ನನ್ನ ಗಣಿತದ ಉತ್ತರಪತ್ರಿಕೆ ತಿದ್ದುವಾಗ, ಮಗನಿಗೆ ಹೆಚ್ಚು ಕೊಟ್ಟನೆಂದು ಯಾರೂ ಅನ್ನಬಾರದೆಂದು, ಬರಬೇಕಾದ್ದಕ್ಕಿಂತ ಎರಡು ಅಂಕ ಕಡಿಮೆ ಕೊಟ್ಟಿದ್ದರು. ಎರಡು ಅಂಕದಿಂದ ನನಗೆ ಮೊದಲ ಸ್ಥಾನ ತಪ್ಪಿತು. ಈ ಕಥೆಯನ್ನು ಮಗಳಿಗೆ ಎಷ್ಟು ಸಲ ಹೇಳಿದ್ದೇನೋ. ಹೇಳುವಾಗಲೆಲ್ಲ ಅಪ್ಪನ ಬಗ್ಗೆ ಹೆಮ್ಮೆ, ಸ್ವಲ್ಪ ಸಿಟ್ಟು. ಹಾಗಾದರೆ ಗೋಲುಕಂಬದ ಕೆಳಗೆ ಕೈ ಅಗಲಿಸಿದ್ದು ಆ ಎರಡು ಅಂಕದ ಮಗನೇ ಎಂದು ಡೈರಿಯಲ್ಲಿ ಎರಡು ಪುಟ ಬರೆದೆ. ಬರೆದ ಮೇಲೆ ಸಮಾಧಾನವೂ ಆಯಿತು. ಅಷ್ಟು ಬೇಗ ಸಮಾಧಾನವಾದದ್ದೇ ಅನುಮಾನ ಹುಟ್ಟಿಸಿತು. ಮಂಡ್ಯದಲ್ಲಿರುವ ಅಕ್ಕನಿಗೆ ಫೋನು ಮಾಡಿದೆ.

"ಅಯ್ಯೋ, ನಿಂಗೇನಾಯ್ತೋ? ಅಪ್ಪ ಎಲ್ಲಿ ತಿದ್ದಿದ್ರು ನಿನ್ ಪೇಪರ್ನ? ಮಗನ ಪೇಪರ್ ತಾನ್ ಮುಟ್ಟಲ್ಲ ಅಂತ ಇನ್ನೊಬ್ಬ ಮೇಷ್ಟ್ರಿಗೆ ಕೊಟ್ಬುಡ್ತಿದ್ರು."

"ಎರಡು ಮಾರ್ಕ್ಸ್ ಕಮ್ಮಿ ಬಂದಿತ್ತಲ್ಲಕ್ಕ?"

"ಬಂದಿತ್ತು. ನೀನು ಲೆಕ್ಕ ತಪ್ಪು ಮಾಡಿದ್ದೆ ಕಣೋ! ಮನೆಗ್ ಬಂದು ಅತ್ತಿದ್ದೆ."

ಆ ಎರಡು ಪುಟಗಳನ್ನು ನಾನು ಹರಿದುಹಾಕಲಿಲ್ಲ. ಅಕ್ಕನಿಗೂ ಎಪ್ಪತ್ತಾಗಿದೆ, ಅವಳ ನೆನಪಿಗಾದರೂ ಏನು ಗ್ಯಾರಂಟಿ? ಆದರೆ ಆ ಕಾರಣದ ಮೇಲೆ ಮತ್ತೆ ಒರಗಲು ಆಗಲಿಲ್ಲ.

ಇನ್ನೊಂದು ಸಾಕ್ಷಿ ಇತ್ತು. ತಂಡದ ಯಾರೋ ಫೋನಿನಲ್ಲಿ ತೆಗೆದ ವಿಡಿಯೋ. ಮಗಳು ಅದನ್ನು ಬುಧವಾರ ಕಳಿಸಿದಳು, ಜೊತೆಗೆ ಇಂಗ್ಲಿಷಿನಲ್ಲಿ ಎರಡು ಸಾಲು: ನೋಡಬೇಡ ಅಂದ್ರೂ ನೀನು ನೋಡ್ತೀಯ ಅಪ್ಪ, ಅದಕ್ಕೇ ಕಳಿಸ್ತಿದೀನಿ. ಮೈದಾನದ ಆಚೆ ಬದಿಯಿಂದ ತೆಗೆದದ್ದು. ಅಳಿಯ ಹೊಡೆಯುವುದು ಕಾಣುತ್ತದೆ. ಚೆಂಡು ಮೇಲೇರಿ ಬಿಳಿ ಆಕಾಶದಲ್ಲಿ ಕರಗಿಹೋಗುತ್ತದೆ. ಕಂಬದ ಹತ್ತಿರ ಚೆಂಡೇ ಇಲ್ಲ. ಇರುವುದು ಬೆರಳಿನಷ್ಟು ಚಿಕ್ಕ, ಬಿಳಿ ಕೋಟಿನ ನಾನು.

ನನ್ನ ನೆನಪಿನಲ್ಲಿ ನಾನು ಯೋಚಿಸಿದ್ದೆ. ಚೆಂಡು ದಾಟಿದ ಮೇಲೆ ಒಂದು ಉಸಿರಿನಷ್ಟು ಕಾಲ ನಿಂತಿದ್ದೆ, ಮುದುಕನ ಕಡೆ ನೋಡಿದ್ದೆ, ಅವನು ತಲೆಯಾಡಿಸಿದಂತಿತ್ತು. ವಿಡಿಯೋದಲ್ಲಿ ಅದೇನೂ ಇಲ್ಲ. ಆ ಬಿಳಿ ಕೋಟಿನ ಮನುಷ್ಯ ಮುದುಕನ ಕಡೆ ತಿರುಗಿಯೂ ನೋಡುವುದಿಲ್ಲ. ತಲೆ ಪೂರ್ತಿ ಎತ್ತುವ ಮೊದಲೇ ಅವನ ಕೈಗಳು ಅಗಲವಾಗಿಬಿಡುತ್ತವೆ. ಹತ್ತಾರು ಸಲ ನೋಡಿದೆ. ಆ ಕೈಗಳನ್ನು ಹಿಡಿದು ನಿಲ್ಲಿಸಲು ಆಗಲಿಲ್ಲ.

ಶನಿವಾರ ಬೆಳಿಗ್ಗೆ ಅಳಿಯನ ಮನೆಗೆ ಹೋದೆ, ಹೇಳಿಬಿಡಬೇಕೆಂದು. ಮಗಳು ಕೆಲಸಕ್ಕೆ ಹೋಗಿದ್ದಳು. ಅವನು ಸೋಫಾದ ಮೇಲೆ ಕಾಲು ಚಾಚಿ, ಮಂಡಿಯ ಮೇಲೆ ಐಸಿನ ಚೀಲ ಇಟ್ಟುಕೊಂಡು ಕುಳಿತಿದ್ದ. ಶಸ್ತ್ರಚಿಕಿತ್ಸೆಗೆ ಹತ್ತು ದಿನ ಉಳಿದಿತ್ತು. ಚಹಾ ಮಾಡಲು ಎದ್ದವನನ್ನು ಕೂರಿಸಿ ನಾನೇ ಮಾಡಿ ತಂದೆ.

"ಆ ಕೊನೆಯ ಹೊಡೆತ..." ಎಂದೆ.

"ಬಿಡಿ ಮಾವ."

"ಬಿಡೋಕಾಗ್ತಿಲ್ಲ. ನಿನಗೆ ಏನು ಕಂಡಿತು?"

"ನನಗೇನು ಕಾಣುತ್ತೆ? ಹೊಡೆದ ತಕ್ಷಣ ಮಂಡಿ ಕೈಕೊಟ್ಟಿತು. ನೆಲದ ಮೇಲಿಂದ ನಿಮ್ಮ ಕೈ ಮಾತ್ರ ನೋಡಿದೆ."

"ಅದೇ ಹೇಳ್ತಿರೋದು. ನಾನು ಸರಿಯಾಗಿ ನೋಡಿದೆನೋ ಇಲ್ಲವೋ ನನಗೇ..."

ಅವನು ಲೋಟ ಕೆಳಗಿಟ್ಟ. ಅವನು ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ.

"ಮಾವ, ಹೊರಗೆ ಹೋಗಿದ್ರೆ ನಾನು ತಪ್ಪು ಹೊಡೆದೆ. ಅಷ್ಟೇ. ಅದನ್ನ ಇಟ್ಕೊಂಡು ನಾನು ಬದುಕಬಲ್ಲೆ, ಹಿಂದೆ ಎಷ್ಟೋ ಸಲ ತಪ್ಪು ಹೊಡೆದಿದೀನಿ. ಒಳಗೆ ಹೋಗಿದ್ರೆ ನನ್ನ ಹತ್ರ ಏನಿದೆ? ಆ ಪಂದ್ಯ ಮತ್ತೆ ಆಡ್ತಾರಾ? ಈ ಮಂಡಿ ವಾಪಸ್ ಬರುತ್ತಾ? ಅಲ್ಲಿ ನೋಡೋಕೆ ಇದ್ದವರು ನೀವೊಬ್ಬರೇ. ನೀವು ನೋಡಿದೀರಿ ಅಂತ ನಾನು ನಂಬಿದೀನಿ. ಅದನ್ನೂ ತಗೊಂಡು ಹೋಗಬೇಡಿ."

ಹೇಳಿ ಹಗುರಾಗಬೇಕೆಂದು ಬಂದವನು ನಾನು. ಆ ಭಾರ ಅವನ ಮೇಲೆ ಬೀಳುತ್ತದೆ ಎಂಬುದು ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಐರ್ಲೆಂಡಿನಲ್ಲಿ ಸಂಜೆ, ಶನಿವಾರ ಅವನ ತಂದೆ ಫೋನು ಮಾಡುವ ಹೊತ್ತು. ಕೈಯಲ್ಲಿ ಐಸಿದ್ದುದರಿಂದ ಸ್ಪೀಕರ್ ಒತ್ತಿದ. ಆ ದನಿಯನ್ನು ನಾನು ಮದುವೆಯಲ್ಲಿ ಕೇಳಿದ್ದೆ, ಅದೀಗ ಇನ್ನೂ ಒಡೆದಿತ್ತು. ಕಾಲು ಹೇಗಿದೆ ಎಂದು ಕೇಳುವುದಕ್ಕೂ ಮೊದಲೇ ಅವರು ಶುರುಮಾಡಿದರು.

"ನಿನ್ನ ಕಸಿನ್ ಆ ವಿಡಿಯೋ ತೋರಿಸಿದ. ಮೂರು ಸಲ ಹಾಕಿಸಿ ನೋಡಿದೆ. ನಿನಗೆ ಮೋಸ ಮಾಡಿದಾರೆ ಕಣೋ!"

"ಅಪ್ಪಾ, ಅದರಲ್ಲಿ ಚೆಂಡೇ ಕಾಣಲ್ಲ."

"ಕೋಲು ತಾಗಿದ ರೀತಿ ಕಾಣುತ್ತಲ್ಲ! ಹಾಗೆ ತಾಗಿದ್ದು ಹೊರಗೆ ಹೋಗಲ್ಲ. ಆ ಬಿಳಿ ಕೋಟಿನವನು ತಲೆ ಎತ್ತಿಯೂ ನೋಡಿಲ್ಲ. ಯಾರವನು? ಅವರ ಕಡೆಯವನಾ?"

ಅಳಿಯ ನನ್ನ ಮುಖ ನೋಡಿದ. ನಾನು ಚಹಾದ ಲೋಟ ನೋಡಿದೆ.

"ಅಲ್ಲಪ್ಪ. ನಮ್ಮ ಕಡೆಯವರೇ. ನನ್ನ ಮಾವ."

"ಓ," ಎಂದರು ಅವನ ತಂದೆ, ಸಿಟ್ಟೆಲ್ಲ ಇಳಿದುಹೋದ ದನಿಯಲ್ಲಿ. "ಹಾಗಾದ್ರೆ ಹೊರಗೇ ಹೋಗಿರುತ್ತೆ."

"ಹೌದಪ್ಪ. ಎಡಕ್ಕೆ ಎಳೆದುಬಿಟ್ಟೆ."

"ಎಷ್ಟು ಹೊರಗೆ?"

"ಇಲ್ಲೇ ಇದಾರೆ, ಅವರನ್ನೇ ಕೇಳಿ," ಎಂದು ಅಳಿಯ ಫೋನನ್ನು ನನ್ನ ಕೈಗಿಟ್ಟ. ಅವನ ಕೈ ಐಸಿನಿಂದ ತಣ್ಣಗಿತ್ತು.

ಬೀಗರು ನನಗೆ ನಮಸ್ಕಾರ ಹೇಳಿದರು, ಹೆಂಡತಿಯನ್ನು ವಿಚಾರಿಸಿದರು. ಆಮೇಲೆ, ಬೇಸರ ಮಾಡಿಕೊಳ್ಳಬೇಡಿ, ಇಲ್ಲಿ ಕೂತು ಏನೇನೋ ಅಂದುಬಿಟ್ಟೆ ಎಂದರು. ಆಮೇಲೆ ಮತ್ತೆ ಅದೇ ಪ್ರಶ್ನೆ.

"ಎಷ್ಟು ಹೊರಗೆ ಹೋಯ್ತು ಅಂತ ನಿಮಗೆ ಕಂಡಿರಬೇಕಲ್ಲ?"

ಅಳಿಯ ಮಂಡಿಯ ಮೇಲಿನ ಚೀಲವನ್ನು ನೇರಮಾಡುತ್ತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ.

"ಒಂದಡಿ," ಎಂದೆ.

"ಒಂದಡಿ!" ಎಂದರು ಅವರು. "ಅಯ್ಯೋ, ಹಾಗಾದ್ರೆ ಮಾತೇ ಇಲ್ಲ. ಇಲ್ಲಿ ಎಲ್ಲರೂ ಕೇಳ್ತಿದಾರೆ, ಹೇಳ್ತೀನಿ ಬಿಡಿ."

ಫೋನು ಹಿಂದಿರುಗಿಸಿದೆ. ಅಪ್ಪ ಮಗ ಇಬ್ಬರೂ ಬೇರೆ ಮಾತಿಗೆ ಹೋದರು, ಆಪರೇಷನ್ನಿಗೆ, ಒಬ್ಬ ಚಿಕ್ಕಪ್ಪನ ಹಸುಗಳಿಗೆ. ನಾನು ಲೋಟಗಳನ್ನು ಒಯ್ದು ಸಿಂಕಿನಲ್ಲಿ ತೊಳೆದೆ. ತೊಳೆಯುವಾಗ ಅಳಿಯ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು, ಗಾಳಿ ಬೇರೆ ಇತ್ತು, ಒಂದಡಿಗಿಂತ ಸ್ವಲ್ಪ ಜಾಸ್ತಿಯೇ ಇರಬಹುದು ಎಂದು. ಅವನ ದನಿಯಲ್ಲಿ ಅನುಮಾನದ ಸುಳಿವೂ ಇರಲಿಲ್ಲ.